ಗೊಂಚಲಿಗೊಂದು ಟೋಪಿ

ಯಾಮಿನಿ ವಿಷಯ ಎತ್ತಿದ್ದು ಭಾನುವಾರ ಬೆಳಿಗ್ಗೆ, ಅತ್ತೆ ಭಾನುಮತಿ ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದಾಗ. ಟೋಕಿಯೋ ಪಕ್ಕದ ಉರಯಾಸುವಿನ ಆ ಫ್ಲಾಟಿನ ಅಡುಗೆಮನೆ ಎಷ್ಟು ಕಿರಿದೆಂದರೆ, ಇಬ್ಬರು ಹೆಂಗಸರು ಒಟ್ಟಿಗೆ ನಿಂತರೆ ಫ್ರಿಜ್ಜಿನ ಬಾಗಿಲು ತೆಗೆಯಲಾಗುತ್ತಿರಲಿಲ್ಲ. ಹಾಗಾಗಿ ಅವಳು ಬಾಗಿಲಲ್ಲೇ ನಿಂತು, ಮೇಜಿನ ಸುತ್ತ ಕುಳಿತವರಿಗೂ ಕೇಳುವಂತೆ ಹೇಳಿದಳು.

“ಮುಂದಿನ ತಿಂಗಳಿಂದ ನಾನು ಕೆಲಸಕ್ಕೆ ಹೋಗ್ಬೇಕು ಅಂತಿದೀನಿ. ಗುರುವಾರ, ಶುಕ್ರವಾರ, ಶನಿವಾರ. ಕತ್ಸುನುಮಾದಲ್ಲಿ.”

“ಕತ್ಸುನುಮಾ?” ಗಂಡ ಉದಯ್ ಫೋನಿನಿಂದ ತಲೆ ಎತ್ತಿದ. “ಯಾಮಾನಾಶೀಲಿರೋದಾ? ದಿನಾ ಹೇಗೆ ಹೋಗಿ ಬರ್ತೀಯ?”

“ಬರಲ್ಲ. ಎರಡು ರಾತ್ರಿ ಅಲ್ಲೇ ಇರ್ತೀನಿ, ಕುರಿಹಾರಾ-ಸಾನ್ ಮನೇಲಿ.”

ಕುರಿಹಾರಾ-ಸಾನ್ ಯಾರೆಂದು ಉದಯ್‌ಗೆ ಗೊತ್ತಿತ್ತು. ಟೋಕಿಯೋದ ರೈತರ ಸಂತೆಯಲ್ಲಿ ದ್ರಾಕ್ಷಿ ಮಾರುವ, ಅರವತ್ತು ದಾಟಿದ ಹೆಂಗಸು. ಹೋದ ವರ್ಷ ಯಾಮಿನಿ ಅವಳ ಹತ್ತಿರ ಹಣ್ಣು ಕೊಳ್ಳಲು ಹೋಗಿ ಎಲೆರೋಗದ ಬಗ್ಗೆ ಮಾತಿಗೆ ನಿಂತವಳು, ಆಮೇಲೆ ಪ್ರತಿ ಸಂತೆಗೂ ಹೋಗಿ ಅಂಗಡಿಯಲ್ಲಿ ಕೈಜೋಡಿಸುತ್ತಿದ್ದಳು. ಹೆಬ್ಬಾಳದಲ್ಲಿ ಕೃಷಿ ಪದವಿ ಓದಿ, ಮದುವೆಯಾಗಿ, ಮಗಳನ್ನು ಹೆತ್ತು ಜಪಾನಿಗೆ ಬಂದ ಮೇಲೆ ಅವಳಿಗೆ ಬಳ್ಳಿಯ ವಿಷಯ ಮಾತಾಡಲು ಸಿಕ್ಕ ಮೊದಲ ವ್ಯಕ್ತಿ ಕುರಿಹಾರಾ-ಸಾನ್.

“ಏನ್ ಕೆಲಸನಮ್ಮ?” ಮಾವ ನಟರಾಜ ಚಟ್ನಿ ಬಟ್ಟಲು ಹತ್ತಿರ ಎಳೆದುಕೊಂಡು ಕೇಳಿದ.

“ದ್ರಾಕ್ಷಿ ತೋಟದ್ದು, ಮಾವ. ಕೊಯ್ಲು, ಆಮೇಲೆ ವೈನ್ ಮಾಡೋದು.”

ಕಾವಲಿಯ ಮೇಲಿನ ದೋಸೆ ಸೀಯಿತು. ಭಾನುಮತಿ ಮಗುಚುವ ಕೈ ಹಿಡಿದುಕೊಂಡೇ ತಿರುಗಿದಳು.

“ಹೆಂಡ ಮಾಡಕ್ಕಾ?”

“ಹೆಂಡ ಅಲ್ಲ ಅತ್ತೆ, ವೈನ್.”

“ಎಮ್ಮೆನ ಮಹಿಷಿ ಅಂದ್ರೆ ಕೋಡು ಹೋಗುತ್ತಾ? ನಮ್ಮಣ್ಣನ ಹೊಲ, ಮನೆ, ಕೊನೆಗೆ ಅವನ ಪ್ರಾಣ, ಎಲ್ಲಾ ಅದರಲ್ಲೇ ಹೋಯ್ತು. ನಮ್ಮನೆ ಸೊಸೆ ಅದನ್ನ ತಯಾರು ಮಾಡೋಕೆ ಊರು ಬಿಟ್ಟು ಊರಿಗೆ ಹೋಗ್ತಾಳಂತೆ!”

ಹನ್ನೆರಡು ವರ್ಷದ ಶ್ರೀರಕ್ಷಾ ಕಿವಿಯಿಂದ ಇಯರ್‌ಫೋನ್ ತೆಗೆದಳು. “ಅಮ್ಮಾ, ಸುಗೋಯಿ! ಸೂಪರ್! ಬಟ್ ವೇಟ್, ನನ್ನ ಲಂಚಿನ ಬೆಂತೋ ಯಾರು ಮಾಡ್ತಾರೆ?”

“ಅಪ್ಪ ಮಾಡ್ತಾರೆ,” ಎಂದಳು ಯಾಮಿನಿ.

ಉದಯ್ ಎದ್ದು ತಟ್ಟೆಯನ್ನು ಸಿಂಕಿಗೆ ಹಾಕಿದ. “ಡಿಪೆಂಡೆಂಟ್ ವೀಸಾದಲ್ಲಿ ಅದೆಲ್ಲಾ ಆಗಲ್ಲ.”

“ವಾರಕ್ಕೆ ಇಷ್ಟು ಗಂಟೆ ಅಂತ ಪರ್ಮಿಷನ್ ಕೊಡ್ತಾರೆ. ತಗೊಂಡಿದೀನಿ.”

“ಅಂದ್ರೆ ಎಲ್ಲಾ ಡಿಸೈಡ್ ಮಾಡಿ ಆಮೇಲೆ ಹೇಳ್ತಿದೀಯ.”

“ಕುರಿಹಾರಾ-ಸಾನ್‌ಗೆ ಇನ್ನೂ ಹೂಂ ಅಂದಿಲ್ಲ. ಶರತ್ಕಾಲದ ರಜೆ ದಿನ ಎಲ್ರೂ ಬನ್ನಿ, ತೋಟ ನೋಡಿ, ಆಮೇಲೆ ಮಾತಾಡೋಣ ಅಂದಿದಾರೆ. ಎಲ್ರೂ ಅಂದ್ರೆ ಎಲ್ರೂ.”

ಭಾನುಮತಿ ಸೀದ ದೋಸೆಯನ್ನು ಕೆರೆದು ತೆಗೆಯುತ್ತ, “ಕುರಿನೂ ಬೇಡ, ಹಾರಾನೂ ಬೇಡ. ನಾನು ಬರಲ್ಲ,” ಎಂದಳು.

ಆದರೆ ಬಂದಳು. ಆಗಸ್ಟಿನಲ್ಲಿ ಜಪಾನಿಗೆ ಬಂದಾಗಿನಿಂದ ಆಕೆ ಕಂಡಿದ್ದು ಸೂಪರ್ ಮಾರ್ಕೆಟ್ಟು, ಬೀದಿ ಮೂಲೆಯ ಕೊಂಬಿನಿ ಅಂಗಡಿ ಮತ್ತು ಬಾಲ್ಕನಿಯಿಂದ ಕಾಣುವ ಸಮುದ್ರದ ಒಂದು ತುಂಡು. ಮನೆಯಲ್ಲಿ ಒಬ್ಬಳೇ ಕೂರುವುದಕ್ಕಿಂತ ಹೋಗಿ ಬೈಯುವುದೇ ವಾಸಿ ಅನ್ನಿಸಿರಬೇಕು. ಚೀಲಕ್ಕೆ ಚಪಾತಿ, ಚಟ್ನಿಪುಡಿ, ನಾಲ್ಕು ಬಾಟಲಿ ನೀರು ತುಂಬಿಕೊಂಡಳು. “ಅವರ ಮನೇಲಿ ನೀರೂ ಕುಡಿಯಲ್ಲ,” ಎಂದು ರೈಲಿನಲ್ಲಿ ಎರಡು ಸಲ ಹೇಳಿದಳು.

ಉದ್ದನೆಯ ಸುರಂಗ ಮುಗಿದು ರೈಲು ಬೆಳಕಿಗೆ ಬಂದಾಗ ಇಡೀ ಕಣಿವೆ ದ್ರಾಕ್ಷಿಯಾಗಿತ್ತು. ಮನೆಗಳ ನಡುವೆ, ರಸ್ತೆಯ ಪಕ್ಕ, ದೇವಸ್ಥಾನದ ಹಿಂದೆ, ಎಲ್ಲಿ ನೋಡಿದರೂ ಚಪ್ಪರ. ನಟರಾಜ ಕಿಟಕಿಗೆ ಮೂಗು ಒತ್ತಿದ.

“ಚಪ್ಪರ ಕಣೇ! ನಮ್ಮ ಥರಾನೇ!”

ದೇವನಹಳ್ಳಿ ಪಕ್ಕದಲ್ಲಿ ಅವರಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ತೋಟವಿತ್ತು. ಕಲ್ಲು ಕಂಬ, ತಂತಿ, ತಲೆಯ ಮೇಲೆ ಬಳ್ಳಿ. ವಿಮಾನ ನಿಲ್ದಾಣಕ್ಕೆ ಜಮೀನು ಹೋದ ಮೇಲೆ ಯಲಹಂಕದ ಅಪಾರ್ಟ್‌ಮೆಂಟಿಗೆ ಬಂದವರು ಮತ್ತೆ ಚಪ್ಪರದ ಕೆಳಗೆ ನಿಂತಿರಲಿಲ್ಲ. ಭಾನುಮತಿಯೂ ಕಿಟಕಿಯ ಕಡೆಗೆ ವಾಲಿದ್ದಳು. ಉದಯ್ ಮಾತ್ರ ಫೋನು ನೋಡುತ್ತ ಕುಳಿತಿದ್ದ.

ಸ್ಟೇಷನ್ನಿನ ಹೊರಗೆ ಕುರಿಹಾರಾ-ಸಾನ್ ಸಣ್ಣ ಬಿಳಿ ಟ್ರಕ್ಕಿನ ಪಕ್ಕ ನಿಂತು ಸೊಂಟ ಬಗ್ಗಿಸಿದಳು. ಕುಳ್ಳಗೆ, ಬಿಸಿಲಿಗೆ ಕಂದಿದ ಮುಖ, ಮೊಣಕಾಲವರೆಗಿನ ಬೂಟು. ನಟರಾಜನೂ ಬಗ್ಗಿದ. ಅವಳು ಮತ್ತೆ ಬಗ್ಗಿದಳು, ಇವನೂ ಮತ್ತೆ ಬಗ್ಗಿದ. “ಸಾಕು ಬನ್ರೀ, ಸೊಂಟ ಹಿಡ್ಕೊಂಡೀತು,” ಎಂದಳು ಭಾನುಮತಿ.

ತೋಟ ಚಿಕ್ಕದು. ಚಪ್ಪರದ ಕೆಳಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಮೇಲೆ ಗುಲಾಬಿ ಛಾಯೆಯ ಗೊಂಚಲುಗಳು ಇಳಿಬಿದ್ದಿದ್ದವು. ಪ್ರತಿಯೊಂದರ ತಲೆಯ ಮೇಲೂ ಮೇಣ ಸವರಿದ ಕಾಗದದ ಪುಟ್ಟ ಟೋಪಿ.

“ಇದೇನ್ ಇದು?” ಭಾನುಮತಿ ನಿಂತುಬಿಟ್ಟಳು.

“ಮಳೆ ನೀರು ಹಣ್ಣಿನ ಮೇಲೆ ಬಿದ್ರೆ ರೋಗ ಬರುತ್ತಲ್ಲ ಅತ್ತೆ, ಅದಕ್ಕೆ. ಒಂದೊಂದಕ್ಕೂ ಕೈಯಲ್ಲೇ ಕಟ್ತಾರೆ.”

“ಒಂದೊಂದಕ್ಕೂ?” ಆಕೆ ಕತ್ತು ಎತ್ತಿ ಸಾಲಿನ ಆ ತುದಿಯವರೆಗೂ ನೋಡಿದಳು. “ಅಯ್ಯೋ ನಮ್ಮವ್ವ! ನಾನು ಉದಯನಿಗೂ ದಿನಾ ಟೋಪಿ ಹಾಕಿ ಸ್ಕೂಲಿಗೆ ಕಳಿಸಿರಲಿಲ್ಲ!”

ಶ್ರೀರಕ್ಷಾ ಅದನ್ನು ಜಪಾನಿ ಭಾಷೆಗೆ ತಿರುಗಿಸಿದಾಗ ಕುರಿಹಾರಾ-ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವತ್ತು ಭಾನುಮತಿ ಮೊದಲ ಸಲ ನಕ್ಕಿದ್ದೂ ಆಗಲೇ.

ಅಂಗಳದಲ್ಲಿ ಅಕ್ಕಪಕ್ಕದ ತೋಟದವರು ಕೆಲವರು ಸೇರಿದ್ದರು. ಚಾಪೆಯ ಮೇಲೆ ಹಸುವಿನ ಕೊಂಬುಗಳ ರಾಶಿ, ಪಕ್ಕದಲ್ಲಿ ಬಕೆಟ್ ತುಂಬ ಹಸಿ ಸಗಣಿ. ಯಾಮಿನಿ ವಿವರಿಸಿದಳು: ಈ ತೋಟಕ್ಕೆ ರಾಸಾಯನಿಕ ಗೊಬ್ಬರ ಹಾಕುವುದಿಲ್ಲ. ಹಗಲು ರಾತ್ರಿ ಸಮವಾಗುವ ಈ ಹೊತ್ತಿಗೆ ಸಗಣಿಯನ್ನು ಕೊಂಬಿಗೆ ತುಂಬಿ ಮಣ್ಣಿನಲ್ಲಿ ಹೂಳುತ್ತಾರೆ, ವಸಂತದಲ್ಲಿ ತೆಗೆದು ಚಿಟಿಕೆಯಷ್ಟನ್ನು ನೀರಿನಲ್ಲಿ ಕಲಕಿ ತೋಟಕ್ಕೆಲ್ಲ ಚಿಮುಕಿಸುತ್ತಾರೆ. ಕೊಯ್ಲಿಗೂ ಚಂದ್ರನ ನಡೆ ನೋಡುತ್ತಾರೆ. ಬಯೋಡೈನಮಿಕ್ ಅನ್ನುತ್ತಾರೆ ಇದಕ್ಕೆ.

“ಚಿಟಿಕೆ ಸಗಣಿಗೆ ಇಡೀ ತೋಟ?” ನಟರಾಜನಿಗೆ ನಗು ತಡೆಯಲಾಗಲಿಲ್ಲ. “ನಾವು ಟ್ರ್ಯಾಕ್ಟರಲ್ಲಿ ಹೊಡೆಸ್ತಿದ್ವಿ ಕಣಮ್ಮ. ಯೂರಿಯಾ, ಪೊಟ್ಯಾಷು ಬೇರೆ. ಇದರಲ್ಲಿ ದ್ರಾಕ್ಷಿ ಬರೋದು ಸುಳ್ಳು.”

“ಸತ್ತ ಹಸು ಕೊಂಬು,” ಎಂದು ಭಾನುಮತಿ ಸೆರಗು ಮೂಗಿಗೆ ಹಿಡಿದಳು. “ನಾನಂತೂ ಮುಟ್ಟಲ್ಲ.”

“ಹಣ್ಣು ಬಂದಿದೆಯಲ್ಲ ಮಾವ, ಎದುರಿಗೇ ಇದೆ.”

“ಬೇರೆ ಏನೋ ಹೊಡೀತಾರೆ ಬಿಡು, ನಿನಗೆ ಹೇಳಿಲ್ಲ.” ನಟರಾಜ ಪತ್ತೇದಾರನಂತೆ ಚಪ್ಪರದ ಕಂಬಗಳನ್ನು ಸವರಿ ನೋಡುತ್ತ ಹೋದ. ಒಂದು ಕಂಬದ ಮೇಲೆ ರೋಗಕ್ಕೆ ಹೊಡೆಯುವ ಔಷಧಿಯ ನೀಲಿ ಕಲೆ ಕಂಡಿತು. “ಹಿಡಿದೆ! ಮೈಲುತುತ್ತು! ಮೈಲುತುತ್ತು, ಸುಣ್ಣ! ಬೋರ್ಡೋ!”

ಕುರಿಹಾರಾ-ಸಾನ್ ಮುಖ ಅರಳಿತು. ಹೌದು ಹೌದೆಂದು ತಲೆಯಾಡಿಸಿದಳು. “ಹಾಯ್, ಹಾಯ್! ಬೋರುದೋ!”

“ಬೋರ್ಡೋ!” ನಟರಾಜ ಮತ್ತೆ ಕೂಗಿದ.

ಆಮೇಲೆ ಅವರಿಬ್ಬರಿಗೂ ದುಭಾಷಿ ಬೇಕಾಗಲಿಲ್ಲ. ಅವಳು ಬೆರಳಿನಲ್ಲಿ ತೋರಿಸಿದ ಅಳತೆಗೆ ಇವನು ತಲೆ ಅಲ್ಲಾಡಿಸಿ, ಎರಡರಷ್ಟು ತೋರಿಸುತ್ತಿದ್ದ. ಅವಳು ಗಾಬರಿಯಾಗಿ ಕೈಯಾಡಿಸುತ್ತಿದ್ದಳು. ಊಟಕ್ಕೆ ಕರೆಯುವವರೆಗೂ ಆ ಜಗಳ ನಡೆಯಿತು.

ಊಟಕ್ಕೆ ಹೋತೋ ಇತ್ತು. ಸಿಹಿಗುಂಬಳದ ಸಾರಿನಲ್ಲಿ ಅಗಲವಾದ ಹಿಟ್ಟಿನ ಎಳೆಗಳು. ಒಲ್ಲೆನೆಂದು ಕುಳಿತಿದ್ದ ಭಾನುಮತಿ ಮೊಮ್ಮಗಳ ಬಟ್ಟಲಿನಿಂದ ಒಂದು ತುತ್ತು ತಿಂದು, “ಒಳ್ಳೇ ಕುಂಬಳಕಾಯಿ. ಖಾರ ಒಂದಿದ್ದಿದ್ರೆ,” ಎಂದು ಚೀಲದಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡಳು. ಕೇಳದೆಯೇ ಕುರಿಹಾರಾ-ಸಾನ್ ಬಟ್ಟಲಿಗೂ ಉದುರಿಸಿದಳು. ಕುರಿಹಾರಾ-ಸಾನ್‌ಗೆ ಬಿಕ್ಕಳಿಕೆ ಹತ್ತಿ ಕಣ್ಣಲ್ಲಿ ನೀರು ಬಂತು. ಆದರೂ ಬಟ್ಟಲು ಮುಂದೆ ಚಾಚಿ ಇನ್ನಷ್ಟು ಕೇಳಿದಳು.

ಎಲ್ಲವೂ ಸಸೂತ್ರವಾಗಿ ಮುಗಿಯುತ್ತಿತ್ತು, ಕುರಿಹಾರಾ-ಸಾನ್ ಆ ಪ್ರಶ್ನೆ ಕೇಳದಿದ್ದರೆ. ಯಾಮಿನಿ ಕೇಳಿಯೂ ಕೇಳದಂತೆ ಲೋಟಗಳನ್ನು ಜೋಡಿಸತೊಡಗಿದಳು. ಅನುವಾದಿಸಿದ್ದು ಶ್ರೀರಕ್ಷಾ.

“ತಾತಾ, ನಿಮ್ಮ ಗ್ರೇಪ್ಸಿಂದ ವಾಟ್ ಕೈಂಡ್ ಆಫ್ ವೈನ್ ಮಾಡ್ತಿದ್ರು ಅಂತ ಕೇಳ್ತಿದಾರೆ.”

“ವೈನ್ ಯಾಕೆ ಮಾಡ್ತಾರೆ?” ಎಂದಳು ಭಾನುಮತಿ. “ನಮ್ಮದು ಜಾಮ್ ಫ್ಯಾಕ್ಟರಿಗೆ ಹೋಗ್ತಿತ್ತು ಅಂತ ಹೇಳು.”

ನಟರಾಜ ಬಟ್ಟಲಿನೊಳಗೆ ನೋಡುತ್ತಿದ್ದ. ಉದಯ್ ಕೆಮ್ಮಿದ.

“ರೀ?”

“ಒಂದೆರಡು ಲೋಡು ಜಾಮ್‌ಗೂ ಹೋಗಿತ್ತು,” ಎಂದ ನಟರಾಜ.

“ಉಳಿದಿದ್ದು?”

ನಟರಾಜ ಬಟ್ಟಲು ಎತ್ತಿ ಸಾರು ಕುಡಿಯತೊಡಗಿದ. ಭಾನುಮತಿ ಮಗನ ಕಡೆ ತಿರುಗಿದಳು. “ನಿಂಗೂ ಗೊತ್ತಿತ್ತೇನೋ?”

“ಹೈಸ್ಕೂಲಲ್ಲಿದ್ದಾಗ ಗೊತ್ತಾಯ್ತಮ್ಮ. ಲಾರಿ ಮೇಲೆ ವೈನ್ ಫ್ಯಾಕ್ಟರಿ ಹೆಸರು ಬರೆದಿರೋದು ಓದಿದ್ದೆ.”

“ಅಂಗಡೀಲಿ ಜಾಮ್ ಬಾಟ್ಲಿ ತಗೊಂಡಾಗೆಲ್ಲಾ ‘ಇದು ನಮ್ಮ ತೋಟದ್ದೇ’ ಅಂತ ಹೇಳ್ಕೊಂಡು ತಿರುಗ್ದೆನಲ್ಲೋ!”

“ನಿಮ್ಮಣ್ಣ ಕುಡಿದಿದ್ದು ಸಾರಾಯಿ ಕಣೇ, ವೈನಲ್ಲ,” ಎಂದ ನಟರಾಜ. ಅದು ಆ ಹೊತ್ತಿನಲ್ಲಿ ಆಡಬಾರದ ಮಾತಾಗಿತ್ತು.

ಭಾನುಮತಿ ಎದ್ದು ಹೊರಗೆ ಹೋಗಿ ಟ್ರಕ್ಕಿನ ಪಕ್ಕ ನಿಂತಳು. ರೈಲಿನಲ್ಲಿ ಗಂಡನ ಪಕ್ಕದ ಸೀಟು ಬಿಟ್ಟು ಮೊಮ್ಮಗಳ ಪಕ್ಕ ಕುಳಿತಳು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಎರಡು ಜಗಳ ಜೊತೆಜೊತೆಯಾಗಿ ನಡೆದವು. ಒಂದು ಮೌನದ್ದು. ಭಾನುಮತಿ ಗಂಡನಿಗೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ಕಾಫಿ ಕೊಡುತ್ತಿದ್ದಳು, ಮಾತು ಮಾತ್ರ ಮೊಮ್ಮಗಳ ಮೂಲಕ. “ರಕ್ಷಾ, ಸಾರು ಬೇಕಾ ಅಂತ ನಿಮ್ಮ ತಾತನ್ನ ಕೇಳು.” ನಟರಾಜ ಪಕ್ಕದಲ್ಲೇ ಕುಳಿತಿರುತ್ತಿದ್ದ. “ಅಜ್ಜಿ, ಹೀ ಕ್ಯಾನ್ ಹಿಯರ್ ಯು,” ಎಂದು ಶ್ರೀರಕ್ಷಾ ಮೊದಲು ನಕ್ಕಳು. ಆಮೇಲೆ ಅವಳಿಗೂ ಆಟ ಒಗ್ಗಿಹೋಗಿ, “ತಾತಂಗೆ ಸಾರು ಬೇಡ್ವಂತೆ, ಸಾರಿ ಬೇಕಂತೆ. ಐ ಮೀನ್, ಸಾರಿ ಕೇಳ್ಬೇಕಂತೆ,” ಎಂದು ಕನ್ನಡದಲ್ಲೇ ಸೇರಿಸಿ ಹೇಳತೊಡಗಿದಳು. ವರ್ಷದಲ್ಲಿ ಆಡುವಷ್ಟು ಕನ್ನಡವನ್ನು ಆ ಹುಡುಗಿ ಆ ದಿನಗಳಲ್ಲಿ ಆಡಿದಳು.

ಇನ್ನೊಂದು ಜಗಳ ಬಟ್ಟೆ ಒಣಹಾಕುವಾಗ, ಪಾತ್ರೆ ಒರೆಸುವಾಗ ತುಂಡುತುಂಡಾಗಿ ನಡೆಯುತ್ತಿತ್ತು.

“ಬೇರೆ ಏನಾದ್ರೂ ಮಾಡು ಯಾಮಿನಿ. ಆಫೀಸ್ ಕೆಲಸ ಹುಡುಕು, ಐ ವಿಲ್ ಹೆಲ್ಪ್,” ಎಂದ ಉದಯ್ ಬಾಲ್ಕನಿಯಲ್ಲಿ ಟವೆಲ್ ಕೊಡವುತ್ತ.

“ನಂಗೆ ಗೊತ್ತಿರೋದು ಗಿಡ.”

“ಸ್ಕೂಲಿಗೆ ಹೋಗೋ ಮುಂಚೆ ಕ್ರೇಟ್ ಹೊತ್ತು ಹೊತ್ತು ನನ್ನ ಹೆಗಲು ಕಿತ್ತು ಹೋಗಿತ್ತು. ಮೈಯೆಲ್ಲಾ ಔಷಧಿ ವಾಸನೆ, ಕ್ಲಾಸಲ್ಲಿ ಪಕ್ಕ ಕೂರ್ತಿರಲಿಲ್ಲ ಯಾರೂ. ಅದರಿಂದ ತಪ್ಪಿಸ್ಕೊಳ್ಳೋಕೆ ಓದಿ ಇಲ್ಲೀವರೆಗೂ ಬಂದಿದೀನಿ. ಈಗ ನನ್ನ ಹೆಂಡತಿ ಕ್ರೇಟ್ ಹೊರಬೇಕಾ?”

ಯಾಮಿನಿ ಕ್ಲಿಪ್ಪನ್ನು ಹಲ್ಲಿನಿಂದ ತೆಗೆದಳು. ಇಷ್ಟು ವರ್ಷದಲ್ಲಿ ಅವನು ಈ ಮಾತು ಹೇಳಿರಲಿಲ್ಲ.

“ನಿಮಗೆ ಹೊರಿಸಿದ್ರು ಉದಯ್. ನಾನು ಕೇಳಿ ಹೊರ್ತಿದೀನಿ,” ಎಂದಳು ಮೆಲ್ಲಗೆ. “ಅತ್ತೆ ಮಾವ ಬರೋಕೆ ಮುಂಚೆ, ಬೆಳಿಗ್ಗೆ ನೀವಿಬ್ರೂ ಹೋದ್ಮೇಲೆ ಈ ಮನೇಲಿ ನಾನು ಫ್ರಿಜ್ ಜೊತೆ ಮಾತಾಡ್ತಿದ್ದೆ, ಗೊತ್ತಾ ನಿಮಗೆ? ಗುರುವಾರದಿಂದ ಶನಿವಾರ. ಅಷ್ಟೇ ಕೇಳ್ತಿರೋದು.”

ಮರುದಿನ ಬೆಳಿಗ್ಗೆ ಉದಯ್ ಮಗಳ ಬೆಂತೋ ಡಬ್ಬಿ ತಾನೇ ತುಂಬಿದ. ಚಿತ್ರಾನ್ನ ಗಂಟುಗಂಟಾಗಿತ್ತು. ಶ್ರೀರಕ್ಷಾ ಸಂಜೆ ಖಾಲಿ ಡಬ್ಬಿ ತಂದು, “ಒನಿಗಿರಿ ಉಂಡೆ ಅನ್ಕೊಂಡು ತಿಂದೆ,” ಎಂದಳು.

ಅಕ್ಟೋಬರ್ ಮಧ್ಯದಲ್ಲಿ ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂತು. ದಕ್ಷಿಣದ ಸಮುದ್ರದಿಂದ ಎದ್ದಿದ್ದು ಶನಿವಾರ ಸಂಜೆಯ ಹೊತ್ತಿಗೆ ಯಾಮಾನಾಶಿ ದಾಟಬಹುದಂತೆ. ಊಟ ಮಾಡುತ್ತಿರುವಾಗಲೇ ಯಾಮಿನಿಯ ಫೋನು ಮೊಳಗಿತು. ಮಾತು ಮುಗಿಸಿ ಬಂದವಳ ಮುಖ ಸಣ್ಣಗಾಗಿತ್ತು.

“ಇನ್ನೂ ಅರ್ಧ ತೋಟ ಕೊಯ್ದಿಲ್ಲವಂತೆ. ಎಲ್ಲರ ತೋಟದಲ್ಲೂ ಅದೇ ಅವಸರ, ಆಳು ಸಿಗ್ತಿಲ್ಲ. ನಾನು ನಾಳೆ ಶನಿವಾರ ಮೊದಲ ರೈಲಿಗೆ ಹೋಗ್ತೀನಿ.”

“ಟೈಫೂನ್ ಬರೋ ದಿನಾನಾ? ಹುಚ್ಚಾ?” ಎಂದ ಉದಯ್.

“ನಾನೂ ಬರ್ತೀನಿ,” ಎಂದಳು ಭಾನುಮತಿ.

ಎಲ್ಲರೂ ಅವಳ ಕಡೆ ನೋಡಿದರು. ಆಕೆ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ.

“ಅಮ್ಮಾ, ಅದು ವೈನ್‌ಗೆ ಹೋಗೋ ಹಣ್ಣು.”

“ಗೊತ್ತು. ಹಣ್ಣು ಕಳಿತು ನಿಂತಿದೆ, ಮೇಲೆ ಮಳೆ ಬರ್ತಿದೆ. ಆ ಹೆಂಗಸು ಒಬ್ಳೇ ಏನ್ ಮಾಡ್ತಾಳೆ? ಆಮೇಲೆ ಅದನ್ನ ಏನ್ ಮಾಡ್ಕೋತಾಳೋ ಅದು ಅವಳ ಕರ್ಮ.” ಸೌಟನ್ನು ಪಾತ್ರೆಗೆ ಇಟ್ಟು ಮಗನನ್ನು ದಿಟ್ಟಿಸಿದಳು. “ಇನ್ನೊಂದು ಮಾತು. ನೀನೂ ನಿಮ್ಮಪ್ಪನೂ ನನ್ನತ್ರ ಮುಚ್ಚಿಟ್ರಿ. ಇವಳು ಮುಚ್ಚಿಡಲಿಲ್ಲ. ನಾನು ಬೈತೀನಿ ಅಂತ ಗೊತ್ತಿದ್ದೂ ನನ್ನ ಮುಖ ನೋಡ್ಕೊಂಡು ಹೇಳಿದ್ಲು. ಅವಳ ಜೊತೆ ನಾನು ಹೋಗ್ತೀನಿ. ನೀವು ಮನೇಲಿರಿ.”

ಯಾರೂ ಮನೆಯಲ್ಲಿ ಉಳಿಯಲಿಲ್ಲ. ಬೆಳಗಿನ ರೈಲಿನಲ್ಲಿ ಐದೂ ಜನ ಇದ್ದರು. ಶನಿವಾರವೂ ಮೀಟಿಂಗ್ ಇದ್ದ ಉದಯ್ ಆಫೀಸಿನ ಬ್ಯಾಗು ಹಿಡಿದೇ ಬಂದಿದ್ದ. ತೋಟದ ಮನೆಯಲ್ಲಿ ಕೂತು ಕೆಲಸ ಮಾಡುತ್ತೇನೆ, ನಿಮ್ಮನ್ನು ಬಿಟ್ಟು ಇರಲಾರೆ ಅಷ್ಟೇ, ಎಂದಿದ್ದ.

ಕುರಿಹಾರಾ-ಸಾನ್ ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿ ಏನೋ ಹೇಳಿದಳು. ಶ್ರೀರಕ್ಷಾ ನಗುತ್ತ ತಿಳಿಸಿದಳು: “ಇವತ್ತು ಮೂನ್ ಪ್ರಕಾರ ಹಾರ್ವೆಸ್ಟ್‌ಗೆ ಒಳ್ಳೇ ದಿನ ಅಲ್ವಂತೆ. ಬಟ್ ಟೈಫೂನ್ ಬರ್ತಿದೆಯಲ್ಲ, ಚಂದ್ರನಿಗೆ ಸುಮಿಮಾಸೆನ್, ಸಾರಿ ಅಂತ ಹೇಳಿ ಕೊಯ್ಯೋಣ ಅಂತಿದಾರೆ.”

“ನಾವೂ ರಾಹುಕಾಲದಲ್ಲಿ ಲಾರಿ ತುಂಬಿಸಿದ್ದುಂಟು,” ಎಂದಳು ಭಾನುಮತಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರಿಹಾರಾ-ಸಾನ್ ಕೊಟ್ಟ ಬೂಟು ಹಾಕಿ, ಕತ್ತರಿ ಹಿಡಿದು ಚಪ್ಪರದ ಕೆಳಗೆ ನುಗ್ಗಿದಳು.

ಮೊದಲು ಟೋಪಿ ತೆಗೆಯಬೇಕು, ಆಮೇಲೆ ತೊಟ್ಟು ಕತ್ತರಿಸಬೇಕು, ಕೊಳೆತ ಹಣ್ಣು ಆರಿಸಬೇಕು, ಕ್ರೇಟಿಗೆ ಮೆಲ್ಲಗೆ ಇಡಬೇಕು. ಶ್ರೀರಕ್ಷಾ ಟೋಪಿಗಳನ್ನು ಬುಟ್ಟಿಗೆ ಹಾಕುತ್ತ ಒಂದನ್ನು ತಾತನ ಬೋಳುತಲೆಯ ಮೇಲೆ ಇಟ್ಟಳು. “ಕವಾಯಿ! ಸೋ ಕ್ಯೂಟ್!” ನಟರಾಜ ಅದನ್ನು ತೆಗೆಯಲಿಲ್ಲ. ಮೋಡ ಬೆಟ್ಟದ ಅರ್ಧಕ್ಕೆ ಇಳಿದಿತ್ತು. ತುಂಬಿದ ಕ್ರೇಟುಗಳು ಸಾಲಿನಲ್ಲಿ ಉಳಿಯತೊಡಗಿದವು, ಹೊರುವವರು ಸಾಲಲಿಲ್ಲ. ಯಾಮಿನಿ ಎರಡು ಸಲ ಹೊತ್ತು ಹೋಗಿ, ಮೂರನೆಯ ಸಲ ಕ್ರೇಟನ್ನು ಎತ್ತಲಾರದೆ ಎದೆಗೆ ಒತ್ತಿಕೊಂಡು ತೂರಾಡುತ್ತಿದ್ದಾಗ ಯಾರೋ ಅದನ್ನು ಕಸಿದುಕೊಂಡರು.

“ಹಾಗಲ್ಲ. ಎದೆ ಮೇಲೆ ಹೊತ್ರೆ ಸೊಂಟ ಹೋಗುತ್ತೆ,” ಎಂದ ಉದಯ್. ಲ್ಯಾಪ್‌ಟಾಪು ಒಳಗೆ ಬಿಟ್ಟು ಬಂದಿದ್ದ. ಕ್ರೇಟನ್ನು ಒಂದೇ ಬೀಸಿಗೆ ಹೆಗಲಿಗೇರಿಸಿದ. “ಹೀಗೆ. ಮೊಣಕಾಲು ಬಗ್ಗಿಸು, ಬೆನ್ನಲ್ಲ. ಕೈ ಮೇಲೆ. ನೋಡಿದ್ಯಾ?”

“ಮೀಟಿಂಗ್?”

“ಕಟ್ ಮಾಡ್ದೆ. ತೋಟದಲ್ಲಿದೀನಿ ಅಂದೆ.” ನಾಲ್ಕು ಹೆಜ್ಜೆ ಹೋಗಿ ತಿರುಗಿದ. “ಔಷಧಿ ವಾಸನೆ ಇಲ್ಲ ಇಲ್ಲಿ. ಬರೀ ಹುಲ್ಲು ವಾಸನೆ.”

ಇನ್ನೊಂದು ಸಾಲಿನಲ್ಲಿ ಭಾನುಮತಿಗೆ ಎತ್ತರದ ಗೊಂಚಲು ನಿಲುಕುತ್ತಿರಲಿಲ್ಲ. ಸುತ್ತ ನೋಡಿದಳು. ಮೊಮ್ಮಗಳು ದೂರದಲ್ಲಿದ್ದಳು. ತಲೆಯ ಮೇಲೆ ಕಾಗದದ ಟೋಪಿ ಹೊತ್ತ ಗಂಡ ಪಕ್ಕದ ಸಾಲಿನಲ್ಲೇ ಇದ್ದ.

“ರೀ! ಆ ಕೊಂಬೆ ಬಗ್ಗಿಸಿ ಹಿಡ್ಕೊಳ್ರಿ!”

ನಟರಾಜ ಓಡಿಬಂದು ಹಿಡಿದ. ಆಕೆ ಕತ್ತರಿಸಿದಳು. ಅವನು ಬಿಡಲಿಲ್ಲ.

“ಹೇಳಿದ್ರೆ ನಾನೇನು ಬಳ್ಳಿ ಕಡಿದು ಹಾಕ್ತಿದ್ನಾ?” ಎಂದಳು ಗೊಂಚಲು ನೋಡುತ್ತ.

“ಹಾಕ್ತಿದ್ದೆ.”

ಭಾನುಮತಿ ಸ್ವಲ್ಪ ಯೋಚಿಸಿದಳು. “ಹಾಕ್ತಿದ್ದೆ,” ಎಂದು ಒಪ್ಪಿಕೊಂಡಳು. ನಗು ಅವಳ ಹೊಟ್ಟೆಯಿಂದ ಬಂತು, ಕತ್ತರಿ ಕೈಯಿಂದ ಜಾರಿತು. ನಟರಾಜನೂ ನಕ್ಕ. ಇಬ್ಬರೂ ಹುಲ್ಲಿನಲ್ಲಿ ಕತ್ತರಿ ಹುಡುಕುತ್ತ ಹೊತ್ತು ಕಳೆದಿದ್ದಕ್ಕೆ ಸೊಸೆಯಿಂದ ಬೈಸಿಕೊಂಡರು.

ಕೊನೆಯ ಕ್ರೇಟು ಕೊಟ್ಟಿಗೆ ಸೇರುವ ಹೊತ್ತಿಗೆ ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಆಮೇಲೆ ಮಳೆ ಧೋ ಎಂದು ಸುರಿಯಿತು. ರೈಲು ನಿಂತಿತ್ತು. ಅಂದು ಎಲ್ಲರಿಗೂ ಅಲ್ಲೇ ವಾಸ. ಕೊಟ್ಟಿಗೆಯೊಳಗೆ ಹಳೆಯ ಮರದ ಗಾಣದಂಥ ಯಂತ್ರವನ್ನು ಉದಯ್ ಮತ್ತು ಯಾಮಿನಿ ಎದುರುಬದುರು ನಿಂತು ತಿರುಗಿಸಿದರು. ಹಣ್ಣು ಹಿಂಡಿ ರಸ ಇಳಿಯತೊಡಗಿತು.

“ಗುರುವಾರ ಏನ್ ಅಡುಗೆ ಮಾಡ್ಲಿ?” ಎಂದ ಉದಯ್ ಏದುಸಿರು ಬಿಡುತ್ತ.

ಯಾಮಿನಿ ತಿರುಗಿಸುವುದನ್ನು ನಿಲ್ಲಿಸಿದಳು.

“ಚಿತ್ರಾನ್ನ ಬೇಡ ಪ್ಲೀಸ್,” ಎಂದಳು ಶ್ರೀರಕ್ಷಾ.

“ಊರಿಗೆ ಹೊರಡೋದ್ರೊಳಗೆ ಅವನಿಗೆ ಉಪ್ಸಾರು, ಮುದ್ದೆ ಕಲಿಸ್ತೀನಿ,” ಎಂದಳು ಭಾನುಮತಿ. “ಮಗಳಿಗೂ ಗಂಡನಿಗೂ ಊಟ ಸಿಗುತ್ತೆ, ನೀನು ನಿಶ್ಚಿಂತೆಯಾಗಿ ಹೋಗಿ ಬಾ. ಹಾಲಿಡೇಸಲ್ಲಿ ಇವಳನ್ನೂ ಕರ್ಕೊಂಡು ಬಾ. ಎರಡೂ ಕೈ ಚುರುಕಾಗಿದೆ.”

ಯಾಮಿನಿ ಕುರಿಹಾರಾ-ಸಾನ್ ಕಡೆ ತಿರುಗಿ ಅವಳ ಭಾಷೆಯಲ್ಲಿ ಒಂದೇ ಒಂದು ಮಾತು, “ಹಾಯ್,” ಎಂದು ಹೂಂಗುಟ್ಟಿದಳು. ಕುರಿಹಾರಾ-ಸಾನ್ ಅವಳ ರಸ ಮೆತ್ತಿದ ಕೈಗಳನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದಳು. ಆಮೇಲೆ ಯಂತ್ರದ ಕೊಳವೆಗೆ ಲೋಟಗಳನ್ನು ಹಿಡಿದು ಎಲ್ಲರಿಗೂ ರಸ ತುಂಬಿ ಕೊಟ್ಟಳು. ಭಾನುಮತಿಯ ಮುಂದೆ ಬಂದಾಗ ಅನುಮಾನದಿಂದ ನಿಂತಳು.

ಭಾನುಮತಿ ಲೋಟವನ್ನು ತಾನೇ ತೆಗೆದುಕೊಂಡು ಮೂಸಿದಳು.

“ರಕ್ಷಾ, ಇದು ಇನ್ನೂ ಹೆಂಡ ಆಗಿಲ್ಲ ತಾನೆ, ಕೇಳು.”

ಹುಡುಗಿ ಕೇಳಿದಳು. “ಆಗಿಲ್ಲವಂತೆ ಅಜ್ಜಿ. ಇವರು ಏನೂ ಸೇರಿಸಲ್ಲ, ತಾನಾಗೇ ಸ್ಟಾರ್ಟ್ ಆಗುತ್ತಂತೆ. ನಾಳೆ, ನಾಡಿದ್ದು.”

ಭಾನುಮತಿ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ, ಉಳಿದಿದ್ದನ್ನು ಎತ್ತಿ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡಳು. ಮೂತಿ ಒರೆಸಿಕೊಂಡು ಖಾಲಿ ಲೋಟವನ್ನು ಸೊಸೆಯ ಮುಂದೆ ಹಿಡಿದಳು.

“ಹಾಗಾದ್ರೆ ಇವತ್ತೇ ಇನ್ನೊಂದು ಲೋಟ ಹಾಕು.”